ಬಾವಿಗೆ ಬಿಟ್ಟ ಆಮೆ

ಆ ಆಮೆ ನನಗೆ ಸಿಕ್ಕಿದ್ದು ನಾಗಮಂಗಲದ ಆಚೆ, ಒಂದು ಕಾಂಪೌಂಡು ಕೆಲಸದಲ್ಲಿ. ನಾನು ಗಾರೆ ಕೆಲಸದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕರಣೆ ಹಿಡಿದೆ, ಇವತ್ತಿಗೂ ಕೆಳಗಿಟ್ಟಿಲ್ಲ. ಕಿರಂಗೂರಿನಲ್ಲಿ ನಾವಿರುವ ಮನೆಯನ್ನು ಪಾಯದಿಂದ ಹಿಡಿದು ತಾರಸಿಯವರೆಗೆ ನಾನೇ ಕಟ್ಟಿದ್ದು. ಹಗಲು ಬೇರೆಯವರ ಮನೆಗೆ ದುಡಿದು, ಸಂಜೆ ಮತ್ತು ಭಾನುವಾರ ನನ್ನ ಮನೆಗೆ ಇಟ್ಟಿಗೆ ಜೋಡಿಸಿದೆ. ಮೂರು ವರ್ಷ ಹಿಡಿಯಿತು. ಆ ಮನೆಯ ಯಾವ ಗೋಡೆಗೆ ಬೇಕಾದರೂ ರಸಮಟ್ಟ ಇಟ್ಟು ನೋಡಿ, ಕೂದಲೆಳೆಯಷ್ಟೂ ವಾಲಿಲ್ಲ ಅಂತ ನಾನು ಬಂದವರಿಗೆಲ್ಲ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ನಾಗಮಂಗಲದ ಆ ಜಾಗ ಬರೀ ಕಲ್ಲುನೆಲ. ಅಲ್ಲೊಂದು ಇಲ್ಲೊಂದು ತಂಗಡಿ ಗಿಡ, ಉಳಿದಂತೆ ಕುರುಚಲು. ಬೆಳಗ್ಗೆ ಬಿಸಿಲೇರುವ ಮೊದಲೇ ಸೈಜುಗಲ್ಲಿನ ರಾಶಿಯಿಂದ ಕಲ್ಲು ಎತ್ತುತ್ತಿದ್ದೆ. ಅಡಿಯಲ್ಲಿ ದುಂಡನೆಯ ಕಲ್ಲೊಂದು ಕಂಡಿತು. ಎತ್ತಿದೆ. ಕಲ್ಲಿನ ತೂಕ ನನ್ನ ಕೈಗೆ ಗೊತ್ತು. ಇದು ಕಲ್ಲಲ್ಲ ಅನ್ನುವುದು ಕಣ್ಣಿಗಿಂತ ಮುಂಚೆ ಕೈಗೆ ತಿಳಿಯಿತು. ಆಮೆ. ತಲೆ, ಕಾಲು ಎಲ್ಲ ಒಳಗೆಳೆದುಕೊಂಡು ಬಿಗಿಯಾಗಿ ಕೂತಿತ್ತು.

ಅದರ ಮೇಲಿನ ಮಣ್ಣನ್ನು ಬೆರಳಿನಲ್ಲಿ ಒರೆಸಿದೆ. ಕಪ್ಪು ಚಿಪ್ಪು, ಅದರ ಮೇಲೆ ಹಳದಿ ಗೆರೆಗಳು. ಒಂದೊಂದು ಉಬ್ಬಿನ ತುದಿಯಿಂದಲೂ ಗೆರೆಗಳು ಸುತ್ತ ಹರಡಿ, ಪಕ್ಕದ ಉಬ್ಬಿನ ಗೆರೆಗಳಿಗೆ ಸರಿಯಾಗಿ ಹೋಗಿ ಕೂಡಿಕೊಂಡಿದ್ದವು. ನಾನು ಮೊಸಾಯಿಕ್ ಹಾಕಿದವನು, ಟೈಲ್ಸ್ ಕೂರಿಸಿದವನು. ನಾಲ್ಕು ಟೈಲ್ಸ್ ಸೇರುವ ಮೂಲೆಯಲ್ಲಿ ಹೂವು ಒಡೆಯದಂತೆ ಕೂರಿಸುವುದಕ್ಕೆ ಎಷ್ಟು ಸಲ ಕಿತ್ತು ಮತ್ತೆ ಇಡಬೇಕಾಗುತ್ತದೆ ಅನ್ನುವುದು ನನಗೆ ಗೊತ್ತು. ಇದರ ಬೆನ್ನಿನಲ್ಲಿ ಒಂದು ಸಂದೂ ತಪ್ಪಿರಲಿಲ್ಲ.

ನನ್ನ ಜೊತೆ ಕಂಬಿ ಕಟ್ಟುವವನೊಬ್ಬ ಇದ್ದ. ಬಾಬುರಾಯನಕೊಪ್ಪಲಿನವನು, ಇಪ್ಪತ್ತು ವರ್ಷದಿಂದ ಇಬ್ಬರೂ ಒಂದೇ ಕೆಲಸಕ್ಕೆ ಹೋಗುತ್ತೇವೆ. ಅವನು ಅಲ್ಲಿಂದಲೇ ಕೂಗಿದ.

"ಏನ್ಲಾ ಮೇಸ್ತ್ರಿ, ಕಲ್ಲನ್ನ ಸವರ್ತಾ ಕೂತಿದ್ದೀಯ?"

"ಆಮೆ ಕಣ್ಲಾ."

"ಬುಡ್ಲಾ ಅತ್ತಗೆ. ಅದ್ರ ಮಕ ನೋಡ್ಕಂಡು ಕೂತ್ರೆ ಗೋಡೆ ತಾನಾಗೇ ಎದ್ದದಾ?"

"ಮನೇಗ್ ತಕಂಡೋಯ್ತೀನಿ."

ಅವನು ಕಂಬಿ ತಿರುಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. "ಮನೇಗಾ? ನಿಮ್ಮವ್ವ ನಿನ್ನೂ ಅದ್ನೂ ಒಂದೇ ಚೀಲಕ್ಕಾಕಿ ನಾಲೆಗೆ ಎಸೀತದೆ, ನೋಡ್ತಿರು."

ಆದರೂ ಸಿಮೆಂಟಿನ ಖಾಲಿ ಚೀಲ ಝಾಡಿಸಿ ಕೊಟ್ಟವನು ಅವನೇ.

ನನಗೆ ಯಾಕೆ ಅದು ಬೇಕೆನ್ನಿಸಿತು ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಮನೆಯಲ್ಲಿ ಹಸು ಕಟ್ಟಿದ್ದು ಹಾಲಿಗೆ, ಕೋಳಿ ಸಾಕಿದ್ದು ಮೊಟ್ಟೆಗೆ, ನಾಯಿ ಇದ್ದಿದ್ದು ಕಾವಲಿಗೆ. ಹದಿಮೂರನೇ ವಯಸ್ಸಿನಿಂದ ದುಡಿದ ನಾನು, ಏನೂ ಉಪಯೋಗವಿಲ್ಲದ ಒಂದು ವಸ್ತು ನನಗೆ ಅಂತಲೇ ಬೇಕು ಎಂದು ಯಾವತ್ತೂ ಕೇಳಿರಲಿಲ್ಲ. ಅದನ್ನು ನೋಡಿದ ಕೂಡಲೇ ಬೇಕು ಅನ್ನಿಸಿತು, ಅಷ್ಟೇ. ಬೈಕಿನ ಟ್ಯಾಂಕಿನ ಮೇಲೆ ಚೀಲ ಇಟ್ಟುಕೊಂಡು, ಪಾಂಡವಪುರದ ಮೇಲೆ ನಿಧಾನವಾಗಿ ಬಂದೆ. ಹಂಪು ಬಂದಲ್ಲೆಲ್ಲ ಒಂದು ಕೈಯಲ್ಲಿ ಚೀಲ ಹಿಡಿದುಕೊಳ್ಳುತ್ತಿದ್ದೆ. ಚಿಕ್ಕ ಮಗುವನ್ನು ಕೂರಿಸಿಕೊಂಡು ಬಂದಾಗಲೂ ನಾನು ಅಷ್ಟು ನಿಧಾನವಾಗಿ ಬಂದಿದ್ದಿಲ್ಲ ಅಂತ ಕಾಣುತ್ತದೆ.

ಮನೆಗೆ ಬಂದಾಗ ಅವ್ವ ಜಗುಲಿಯ ಮೇಲೆ ಸೊಪ್ಪು ಬಿಡಿಸುತ್ತಾ ಕೂತಿತ್ತು.

"ಏನ್ ಮಗ ಅದು, ಚೀಲ ಅಲ್ಲಾಡ್ತದೆ?"

"ಆಮೆ ಅವ್ವ."

ಮಂಡಿನೋವಿನ ಅವ್ವ ಅಷ್ಟು ಬೇಗ ಎದ್ದಿದ್ದನ್ನು ನಾನು ಕಂಡಿರಲಿಲ್ಲ. "ಒಸ್ಲು ದಾಟ್ಬ್ಯಾಡ! ಅಲ್ಲೇ ನಿಂತ್ಕೋ!"

"ಯಾಕವ್ವ?"

"ಯಾಕಂತೆ ಯಾಕೆ. ಆಮೆ ಒಳಕ್ಕೆ ಬಂದ್ರೆ ಆ ಮನೆ ಏಳ್ಗೆ ಆಗಾಕಿಲ್ಲ ಕಣ್ಲಾ. ಒಂದೊಂದಾಗಿ ಎಲ್ಲಾನೂ ಕಳ್ಕೊತೀಯ. ಇಷ್ಟು ಕಷ್ಟಪಟ್ಟು ಕಟ್ಟಿದ್ದೀಯ, ನಿನ್ ಕೈಯಾರೆ ತಂದಾಕ್ತೀಯಾ?"

"ದೇವಸ್ಥಾನದಲ್ಲಿ ದೇವ್ರ ಮುಂದ್ಲೇ ಕಲ್ಲಲ್ಲಿ ಆಮೆ ಕೆತ್ತವ್ರಲ್ಲ, ಅದು?"

"ಅದು ದೇವ್ರ ಮನೆ. ಅವ್ನು ತಡ್ಕತಾನೆ. ಇದು ನಿನ್ ಮನೆ."

ಗಲಾಟೆ ಕೇಳಿ ಹೆಂಡತಿ ಹೊರಗೆ ಬಂದಳು. ಚೀಲದೊಳಗೆ ಇಣುಕಿ, ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ನೋಡ್ರೀ, ಮೀನು ತೊಳೀತೀನಿ, ಕೋಳಿ ಪುಕ್ಕ ಕೀಳ್ತೀನಿ, ಸಗಣಿ ಬಾಚ್ತೀನಿ. ಇದ್ನ ಮಾತ್ರ ನಾನು ಮುಟ್ಟಾಕಿಲ್ಲ."

"ಹಾಲ್‌ನಲ್ಲಿ ಗಾಜಿನ ತಟ್ಟೇಲಿ ನೀರಾಕಿ ಹಿತ್ತಾಳೆ ಆಮೆ ಇಟ್ಟಿದ್ದೀಯಲ್ಲ. ಅದ್ಯಾವ ಸೀಮೇದು? ಹಿತ್ತಾಳೇದು ಆದ್ರೆ ಒಳ್ಳೇದು, ಉಸಿರಾಡೋದು ಆದ್ರೆ ಕೆಟ್ಟದ್ದಾ?"

"ಅದು ವಾಸ್ತೂದು. ಅದು ಉಚ್ಚೆ ಮಾಡಾಕಿಲ್ಲ."

ಒಳಗಿನಿಂದ ಮಗಳ ನಗು ಕೇಳಿಸಿತು. ಅವಳು ಮೈಸೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಡಿಗ್ರಿ ಓದುತ್ತಾಳೆ, ಒಬ್ಬಳೇ ಮಗಳು. ಅವಳು ನಕ್ಕಿದ್ದರಿಂದ ನನ್ನ ಕಡೆಗೆ ಒಬ್ಬರಾದರೂ ಇದ್ದಾರೆ ಅಂದುಕೊಂಡೆ.

ಹೊಸಿಲು ದಾಟಿಸಲಿಲ್ಲ. ಪಕ್ಕದ ಸಂದಿಯಿಂದ ಹಿತ್ತಿಲಿಗೆ ತೆಗೆದುಕೊಂಡು ಹೋಗಿ, ಬಾವಿಯ ಪಕ್ಕ ಇಟ್ಟಿಗೆ ಜೋಡಿಸಿ ನಾಲ್ಕಡಿ ಉದ್ದದ ಒಂದು ಗೂಡು ಮಾಡಿದೆ. ಮೇಲೆ ಅರ್ಧಕ್ಕೆ ಶೀಟು. ಒಂದು ಮೂಲೆಯಲ್ಲಿ ಮಣ್ಣು, ಒಂದು ಮೂಲೆಯಲ್ಲಿ ಒಣಹುಲ್ಲು. ಗಾರೆ ಹಾಕದೆ ಬರೀ ಇಟ್ಟಿಗೆಯಲ್ಲೇ ಮಾಡಿದ್ದರೂ ಮೂಲೆ ಮಟ್ಟ ಬಂದಿದೆಯೋ ಇಲ್ಲವೋ ಅಂತ ಎರಡು ಸಲ ನೋಡಿದೆ. ಅವ್ವ ಅಡುಗೆಮನೆಯ ಕಿಟಕಿಯಿಂದ ಹೇಳಿತು: "ನನಗೆ ಬಚ್ಚಲು ಸರಿಮಾಡ್ಕೊಡು ಅಂತ ಎರಡು ವರ್ಷದಿಂದ ಬಡ್ಕತಾವ್ನಿ. ಅದಕ್ಕೆ ಒಂದು ಸಂಜೇಲಿ ಬಂಗ್ಲೆ ಎದ್ಬುಡ್ತು."

ಕೆಲಸ ಮುಗಿಸಿ ಬಂದು ಕೈಕಾಲು ತೊಳೆದು ನಾನು ನೇರ ಹಿತ್ತಿಲಿಗೇ ಹೋಗುತ್ತಿದ್ದೆ. ಮೊದಲೆರಡು ದಿನ ಅದು ತಲೆಯನ್ನೇ ತೆಗೆಯಲಿಲ್ಲ. ಮೂರನೇ ದಿನ ದಾಸವಾಳದ ಹೂವಿಟ್ಟು ಕಲ್ಲಿನ ಮೇಲೆ ಕೂತೆ. ಬಹಳ ಹೊತ್ತಿನ ಮೇಲೆ ಕತ್ತು ಉದ್ದ ಮಾಡಿ, ಹೂವನ್ನು ಒಂದೊಂದು ಎಸಳಾಗಿ ಹರಿದು ತಿಂದಿತು. ಸೌತೆಕಾಯಿ ತಿಂದಿತು, ಹರಿವೆ ಸೊಪ್ಪು ತಿಂದಿತು. ಆಮೆ ಅಂದರೆ ಮೀನು ತಿನ್ನುತ್ತದೆ ಅಂತ ಯಾರೋ ಹೇಳಿದ್ದರಿಂದ ನಾಲೆಯಿಂದ ಸಣ್ಣ ಮೀನು ತಂದಿಟ್ಟೆ, ಮೂಸಿಯೂ ನೋಡಲಿಲ್ಲ. ನೀರಿಗೆ ಅಂತ ನೆಲದಲ್ಲಿ ಒಂದು ಅಗಲವಾದ ಬಾಂಡ್ಲಿ ಹೂತಿಟ್ಟಿದ್ದೆ. ಅದು ಅಂಚಿಗೆ ಬಂದು, ಎರಡು ಗುಟುಕು ಕುಡಿದು, ಹಿಂದಕ್ಕೆ ಸರಿದು ಬಿಸಿಲಿಗೆ ಹೋಗುತ್ತಿತ್ತು. ಒಂದು ದಿನವೂ ಒಳಗೆ ಇಳಿಯಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೆ. ಈ ಮಾತನ್ನು ಇಲ್ಲಿ ಬರೆಯಲೇಬೇಕು.

ಒಂದು ಭಾನುವಾರ ಮಗಳು ಫೋನು ಹಿಡಿದು ಬಂದು ಪಕ್ಕದಲ್ಲಿ ಕೂತಳು.

"ಅಪ್ಪ, ಇದು ನೀರಿನ ಆಮೆ ಅಲ್ವಂತೆ. ನೆಲದ್ದು. ನಕ್ಷತ್ರ ಆಮೆ ಅಂತಾರೆ. ಒಣ ಕುರುಚಲು ಕಾಡಲ್ಲೇ ಇರ್ತದಂತೆ."

"ಹೂಂ."

"ಇದನ್ನ ಮನೇಲಿಟ್ಟುಕೊಳ್ಳೋದು ಕಾನೂನಿಗೆ ತಪ್ಪು ಅಪ್ಪ. ಅರಣ್ಯ ಇಲಾಖೆಯೋರಿಗೆ ಒಪ್ಪಿಸಬೇಕು. ಇಲ್ಲಿ ಬರೆದದೆ, ನೋಡಿ."

ಫೋನು ನನ್ನ ಕೈಗೆ ಕೊಟ್ಟಳು. ಇಂಗ್ಲಿಷಿನಲ್ಲಿತ್ತು. ಅಕ್ಷರ ಸಣ್ಣವು. ನಾನು ಸ್ವಲ್ಪ ಹೊತ್ತು ಓದಿದವನ ಹಾಗೆ ಹಿಡಿದುಕೊಂಡು ವಾಪಸು ಕೊಟ್ಟೆ.

"ಅದರಲ್ಲಿ ಬರೆದೋನು ಆಮೆ ಇಟ್ಕಂಡಿದ್ನಾ? ನಾನು ಇಟ್ಕಂಡಿದ್ದೀನಿ."

ಅವಳು ಫೋನು ಹಿಡಿದುಕೊಂಡು ಎದ್ದು ಒಳಗೆ ಹೋದಳು. ಅವಳ ಮಾತು ನಿಜವಾದರೆ ಆಮೆಯನ್ನು ಕೊಡಬೇಕಾಗುತ್ತದೆ ಅನ್ನುವುದು ಒಂದು. ನನಗೆ ಓದಲಾಗದ್ದನ್ನು ಅವಳು ಓದಿ ಹೇಳಿದಳು ಅನ್ನುವುದು ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚು ಚುಚ್ಚಿತು ಅಂತ ಕೇಳಿದರೆ, ಎರಡನೆಯದು.

ಮನೆಯಲ್ಲಿ ಅಷ್ಟು ಹೊತ್ತಿಗೆ ಲೆಕ್ಕ ಬೇರೆ ಥರ ನಡೆಯುತ್ತಿತ್ತು. ಮಿಕ್ಸಿ ಸುಟ್ಟುಹೋಯಿತು, ಆಮೆ. ಹಸು ಒಂದು ಹೊತ್ತು ಹಾಲು ಕೊಡಲಿಲ್ಲ, ಆಮೆ. ಕೆ.ಆರ್.ಪೇಟೆಯಲ್ಲಿ ನನ್ನ ತಂಗಿಯ ಗಂಡ ಬೈಕಿನಿಂದ ಬಿದ್ದು ಕೈ ಮುರಿದುಕೊಂಡರು. ಅವ್ವ ಆ ದಿನ ಫೋನು ಇಟ್ಟು ನನ್ನ ಮುಖ ನೋಡಿದ ರೀತಿ ನೆನಪಿದೆ.

"ಅವ್ರು ಬಿದ್ದಿದ್ದು ಅಲ್ಲೆಲ್ಲೋ ಅವ್ವ. ಆಮೆ ಇರೋದು ಇಲ್ಲಿ."

"ಎಣ್ಣು ಈ ಮನೇದಲ್ವಾ?"

ಅವತ್ತಿನಿಂದ ಅವ್ವ ಮನೆಯ ಒಲೆಯ ಅಡುಗೆ ಮುಟ್ಟಲಿಲ್ಲ. ಜಗಳ ಮಾಡಲಿಲ್ಲ, ಅಳಲಿಲ್ಲ. ಜಗುಲಿಯ ಮೇಲೆ ಕೂತು ನೀರಲ್ಲಿ ನೆನೆಸಿದ ಅವಲಕ್ಕಿ ತಿನ್ನುತ್ತಿತ್ತು, ಅದೂ ಒಂದು ಹಿಡಿ. ಅವ್ವನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಬೇಕಾದರೆ ಹೊಟ್ಟೆಗೆ ಬಿದ್ದಿರಬೇಕು. ನಾಲ್ಕನೇ ದಿನ ಬೆಳಗ್ಗೆ ತಲೆ ಸುತ್ತಿ ಜಗುಲಿಯ ಕಂಬ ಹಿಡಿದುಕೊಂಡಿತು. ಹೆಂಡತಿ ನನ್ನ ಎದುರಿಗೆ ಬಂದು ನಿಂತು, ಮೆಲ್ಲಗೇ ಕೇಳಿದಳು.

"ಅತ್ತೆಗೇನಾರ ಎಚ್ಚುಕಮ್ಮಿ ಆದ್ರೆ ಜನಕ್ಕೆ ಏನಂತ ಏಳ್ತೀರಾ? ಆಮೆ ಬೇಕಿತ್ತು, ಅದಕ್ಕೆ ಅಂತೀರಾ?"

ನನ್ನ ಮನೆಗೆ ಏನು ತರಬೇಕು, ಏನು ಬೇಡ ಅನ್ನುವುದನ್ನು ಬೇರೆಯವರು ಹೇಳಬೇಕೇ ಅನ್ನುವ ಹಟ ಒಂದು ಕಡೆ, ಕಂಬ ಹಿಡಿದು ನಿಂತ ಅವ್ವ ಒಂದು ಕಡೆ. ಆ ದಿನ ಕೆಲಸದಲ್ಲಿ ಒಂದೇ ಗೋಡೆಯನ್ನು ಎರಡು ಸಲ ಕೆಡವಿ ಕಟ್ಟಿದೆ.

ದಾರಿ ತೋರಿಸಿದ್ದು ಅವ್ವನೇ. ಮಾರನೇ ಸಂಜೆ ನಾನು ಆಮೆಯ ಹತ್ತಿರ ಕೂತಿದ್ದಾಗ, ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಬಂತು. ಆಮೆ ಬಂದ ಮೇಲೆ ಅವ್ವ ಹಿತ್ತಿಲಿಗೆ ಕಾಲಿಟ್ಟಿದ್ದು ಅದೇ ಮೊದಲು.

"ಬಾವೀಗೆ ಬುಟ್ಬುಡು ಮಗ."

"ಬಾವಿಗಾ?"

"ಬೂಕನಕೆರೇಲಿ ನಮ್ಮಪ್ಪನ ಮನೆ ಬಾವೀಲಿ ಇತ್ತು. ನಮ್ಮ ತಾತ ಬುಟ್ಟಿದ್ದಂತೆ. ನಾನು ಮದ್ವೆ ಆಗಿ ಬರೋಗಂಟ ಇತ್ತು. ಬಾವೀಲಿದ್ರೆ ನೀರು ಶುದ್ಧ, ಮನೆಗೂ ಒಳ್ಳೇದು. ಒಳಗೆ ಇರಬಾರ್ದು ಅಷ್ಟೇಯ. ನಿಂಗೂ ಇದ್ದಂಗಾಯ್ತು, ನಂಗೂ ನೆಮ್ಮದಿ."

ನನ್ನ ಎದೆಯ ಮೇಲಿಂದ ಚಪ್ಪಡಿ ಎತ್ತಿದಂತಾಯಿತು. ಯಾರೂ ಸೋಲಬೇಕಾಗಿರಲಿಲ್ಲ. ಆಮೆ ನಮ್ಮಲ್ಲೇ ಇರುತ್ತದೆ, ಅವ್ವ ಊಟ ಮಾಡುತ್ತದೆ, ನಾನು ಬಗ್ಗಿದೆ ಅಂತ ಯಾರೂ ಹೇಳುವ ಹಾಗಿಲ್ಲ. ಬಾವಿ ನಮ್ಮಪ್ಪ ತೋಡಿಸಿದ್ದು, ಕಟ್ಟೆಗೆ ಹೊಸದಾಗಿ ಗಾರೆ ಮಾಡಿದವನು ನಾನು. ನಾಲೆಯ ಪಸೆಗೆ ನೀರು ಯಾವತ್ತೂ ಬತ್ತಿದ್ದಿಲ್ಲ. ಇದಕ್ಕಿಂತ ಒಳ್ಳೆಯ ಜಾಗ ಯಾವುದು ಅಂದುಕೊಂಡೆ. ಹಾಲ್‌ನಲ್ಲಿನ ಹಿತ್ತಾಳೆ ಆಮೆಯೂ ನೀರಿನಲ್ಲೇ ತಾನೇ ಇರುವುದು, ಅಂತಲೂ ಅಂದುಕೊಂಡೆ. ಬಾಂಡ್ಲಿಯ ಅಂಚಿನಿಂದ ಅದು ಹಿಂದೆ ಸರಿಯುತ್ತಿದ್ದದ್ದು ಆಗ ನನ್ನ ಯೋಚನೆಗೆ ಬರಲೇ ಇಲ್ಲ. ಬಂದಿದ್ದರೂ ತಳ್ಳಿಬಿಡುತ್ತಿದ್ದೆನೇನೋ.

ಮಾರನೇ ದಿನ ಬೆಳಗ್ಗೆ ಅವ್ವ ಸ್ನಾನ ಮಾಡಿ, ಒಂದು ತಟ್ಟೆಯಲ್ಲಿ ಅರಿಶಿನ ಕುಂಕುಮ ಹಿಡಿದು ಬಂತು. ಹೆಂಡತಿ ಒಂದು ಹೂವು ತಂದಳು. ಮಗಳು ಕಾಲೇಜಿನ ಬ್ಯಾಗು ಹೆಗಲಿಗೆ ಹಾಕಿಕೊಂಡು ಹಿಂಬಾಗಿಲಲ್ಲಿ ನಿಂತಳು.

"ಅಪ್ಪ, ಬೇಡ. ಇದು ನೆಲದ್ದು ಅಂತ ಹೇಳಿದ್ನಲ್ಲ. ಮುಳುಗೋಗ್ತದೆ."

"ಆಮೆ ಮುಳುಗ್ತದಾ?" ಅಂತ ಅವ್ವ ನಕ್ಕಿತು. ಹೆಂಡತಿಯೂ ನಕ್ಕಳು.

"ಅಜ್ಜಿ, ಸುಮ್ನಿರಿ. ಅಪ್ಪ, ಒಂದು ದಿನ ತಡೀರಿ, ನಾನು ಇಲಾಖೆಯೋರಿಗೆ ಫೋನು ಮಾಡಿ ಕೇಳ್ತೀನಿ."

ಇಲಾಖೆ ಅನ್ನುವ ಮಾತು ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಆಗ ನಾನು ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ.

"ಏಳನೇ ಕ್ಲಾಸಿನೋನು ಕಟ್ಟಿರೋ ಮನೇಲಿ ಕೂತ್ಕಂಡು ನೀನು ಡಿಗ್ರಿ ಓದ್ತಿರೋದು. ಎಷ್ಟು ಬಾವಿ ಇಳಿದಿದ್ದೀನಿ, ಎಷ್ಟು ಸಂಪು ಕಟ್ಟಿದ್ದೀನಿ. ನೀರು ಯಾವ್ದು ನೆಲ ಯಾವ್ದು ಅಂತ ನಂಗೆ ನೀನು ಏಳ್ಕೊಡ್ಬ್ಯಾಡ."

ಅವಳು ತಲೆ ತಗ್ಗಿಸಿಕೊಂಡು ಬಸ್ಸಿಗೆ ಹೊರಟುಹೋದಳು.

ಅವ್ವ ಚಿಪ್ಪಿಗೆ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಕೈ ಮುಗಿಯಿತು. ಬಕೆಟ್ಟಿನಲ್ಲಿಟ್ಟು ಹಗ್ಗ ಬಿಟ್ಟೆ. ನೀರು ಮುಟ್ಟಿದ ಮೇಲೆ ಬಕೆಟ್ಟನ್ನು ವಾಲಿಸಿದೆ. ಆಮೆ ಜಾರಿ ನೀರಿಗೆ ಬಿತ್ತು. ಒಂದು ಕ್ಷಣ ಒಳಗೆ ಹೋಗಿ ಮೇಲೆ ಬಂತು. ಕತ್ತನ್ನು ನಾನು ಯಾವತ್ತೂ ನೋಡದಷ್ಟು ಉದ್ದ ಮಾಡಿ, ನಾಲ್ಕು ಕಾಲನ್ನೂ ಪಟಪಟ ಆಡಿಸುತ್ತಾ ಕಲ್ಲುಗೋಡೆಯ ಕಡೆಗೆ ಹೋಯಿತು.

"ನೋಡು, ನೋಡು, ಎಂಗೆ ಈಜ್ತದೆ!" ಅಂದಿತು ಅವ್ವ.

ನಾವು ಮೂವರೂ ಕಟ್ಟೆಗೆ ಒರಗಿ ನೋಡಿದೆವು. ಹಿಂದಿನ ಮೂರು ವಾರದಲ್ಲಿ ನಾವು ಹಾಗೆ ಒಟ್ಟಿಗೆ ನಿಂತದ್ದೇ ಇಲ್ಲ. ಅವ್ವ ಒಳಗೆ ಹೋಗಿ ತಾನೇ ರೊಟ್ಟಿ ತಟ್ಟಿ ನನಗೆ ಬಡಿಸಿ, ಎದುರಿಗೆ ಕೂತು ತಾನೂ ತಿಂದಿತು. ಮಾತ್ರೆ ನುಂಗಿತು. ನಾನು ಬೈಕು ಹತ್ತಿ ಪಾಂಡವಪುರದ ಕೆಲಸಕ್ಕೆ ಹೋದೆ. ಅವತ್ತು ಕಂಬಿ ಕಟ್ಟುವವನ ಹತ್ತಿರ ಎದೆ ಉಬ್ಬಿಸಿಕೊಂಡೇ ಮಾತಾಡಿದೆ.

"ನಮ್ಮವ್ವ ನಾಲೆಗೆ ಎಸೀತದೆ ಅಂದ್ಯಲ್ಲ, ನಮ್ಮವ್ವನೇ ಪೂಜೆ ಮಾಡಿ ಬಾವಿಗೆ ಬುಡ್ತು ಕಣ್ಲಾ."

"ಭಾಗ್ಯವಂತ ಬುಡು."

ಸಂಜೆ ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಹಿತ್ತಿಲಿನಲ್ಲಿ ಮಗಳು ಬಾವಿಕಟ್ಟೆಗೆ ಹೊಟ್ಟೆ ಒತ್ತಿಕೊಂಡು ಬಗ್ಗಿದ್ದಳು. ಕಾಲೇಜಿಗೆ ಹಾಕಿಕೊಂಡು ಹೋದ ಬಟ್ಟೆಯಲ್ಲೇ ಇದ್ದಳು, ಮೊಣಕೈವರೆಗೆ ಒದ್ದೆ. ಹಗ್ಗ ಎಳೆಯುತ್ತಿದ್ದಳು, ಬಕೆಟ್ಟು ಮೇಲೆ ಬಂತು, ಬರೀ ನೀರು. ಮತ್ತೆ ಬಿಟ್ಟಳು. ನನ್ನನ್ನು ನೋಡಿದರೂ ನಿಲ್ಲಿಸಲಿಲ್ಲ.

"ಯಾವಾಗಿಂದ ಎಳೀತಿದ್ದೀಯ?"

"ಬಂದಾಗಿಂದ. ನಾನು ಬಂದಾಗ್ಲೇ ಕಾಣ್ತಿರ್ಲಿಲ್ಲ."

ಅವಳ ಅಂಗೈ ನೋಡಿದೆ. ಹಗ್ಗ ಉಜ್ಜಿ ಸಿಪ್ಪೆ ಎದ್ದಿತ್ತು. ನಾನು ಅಂಗಿ ಬಿಚ್ಚಿ, ಒಳಗೋಡೆಯಲ್ಲಿ ಚಾಚಿಕೊಂಡಿರುವ ಕಲ್ಲುಗಳ ಮೇಲೆ ಕಾಲಿಟ್ಟು ಇಳಿದೆ. ನೀರು ಎದೆಮಟ್ಟ. ಕಾಲಿನಿಂದ ತಳ ತಡವುತ್ತಾ ಹೋದೆ. ಕೆಸರು, ಒಡೆದ ಮಡಕೆ ಚೂರು, ಎಂದೋ ಬಿದ್ದ ತಂಬಿಗೆ. ಮೂಲೆಯ ಕಲ್ಲಿನ ಬುಡದಲ್ಲಿ ಪಾದಕ್ಕೆ ದುಂಡಗೆ ತಗುಲಿತು. ಮುಳುಗಿ ಎತ್ತಿದೆ. ಕತ್ತು ಒಳಗೆ ಎಳೆದುಕೊಂಡಿರಲಿಲ್ಲ. ಹೊರಗೆ ಜೋತುಬಿದ್ದಿತ್ತು. ಇಳಿಯುವಾಗ ಕಲ್ಲಿನ ಗೋಡೆಯ ಮೇಲೆ ನೀರಿನ ಅಂಚಿನಲ್ಲಿ ಪಾಚಿ ಕೆರೆದು ಹೋಗಿದ್ದ ಗೀರುಗಳನ್ನು ಕಂಡಿದ್ದೆ. ಬಾವಿಯ ಸುತ್ತಲೂ ಇದ್ದವು. ಬೆಳಗ್ಗೆ ನಾವು ಮೂವರು ನಿಂತು ನೋಡಿ ಸಂತೋಷಪಟ್ಟದ್ದು ಈಜನ್ನಲ್ಲ.

ಮೇಲೆ ತಂದು ತಲೆಕೆಳಗು ಮಾಡಿ ಹಿಡಿದೆ. ಬಾಯಿಂದ ನೀರು ಇಳಿಯಿತು. ಬಿಸಿಲಿದ್ದ ಕಡೆ ಮಲಗಿಸಿ ಕಾದೆ. ಚಿಪ್ಪಿನ ಸಂದುಗಳಲ್ಲಿ ಅರಿಶಿನ ಇನ್ನೂ ಉಳಿದಿತ್ತು. ಬಿಸಿಲು ಸರಿದಂತೆ ಅದನ್ನೂ ಸರಿಸಿದೆ. ಕೊನೆಗೆ ಬಿಸಿಲೇ ಉಳಿಯಲಿಲ್ಲ.

ಅವ್ವ ಬಂದು ನಿಂತಿತು. ಅವ್ವನ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಅರ್ಥವಾಗದಿರುವಿಕೆ ಇತ್ತು. "ನೀರಲ್ಲಿರೋ ಜೀವ ನೀರಲ್ಲಿ ಎಂಗ್ಲಾ ಸತ್ತಾತು?"

ಮಗಳು ನನ್ನನ್ನು ನೋಡಿದಳು. ಬಾಯಿ ಬಿಡುವ ಸರದಿ ನನ್ನದಾಗಿತ್ತು.

"ವಯಸ್ಸಾಗಿತ್ತು ಅವ್ವ," ಅಂದೆ.

ಅವಳು ಹಗ್ಗ ಸುತ್ತಿಟ್ಟು ಒಳಗೆ ಹೋದಳು.

ಅವ್ವನಿಗೆ ನೋವಾಗದಿರಲಿ ಅಂತ ಹಾಗೆ ಹೇಳಿದೆ ಅಂತ ನಾನೇ ನನಗೆ ಹೇಳಿಕೊಂಡೆ. ಅದರಲ್ಲಿ ಕಾಲುಭಾಗ ನಿಜ ಇರಬಹುದು. ಉಳಿದದ್ದು ನನಗಾಗಿ. ಆಮೆಯನ್ನು ಹಿತ್ತಿಲ ಬೇಲಿಯ ಬುಡದಲ್ಲಿ ಹೂತೆ. ಹೆಂಡತಿ ಬಾವಿಯ ನೀರನ್ನು ಮೋಟಾರು ಹಾಕಿ ಹೊರಗೆ ಬಿಡಿಸಿದಳು. ಅವ್ವ ಎರಡು ದಿನ ಮಂಕಾಗಿದ್ದು ಮತ್ತೆ ಊಟ ತಿಂಡಿಗೆ ಬಂತು. ವಯಸ್ಸಾದ ಆಮೆ, ಪೂಜೆ ಮಾಡಿಸಿಕೊಂಡು, ತನ್ನ ಜಾಗ ಸೇರಿ ಪ್ರಾಣ ಬಿಟ್ಟಿತು ಅಂತ ಅಕ್ಕಪಕ್ಕದವರಿಗೆ ಹೇಳಿತು. ಕೇಳಿದವರು ಕೈ ಮುಗಿದರು. ಮಗಳು ನನ್ನ ಜೊತೆ ಅಗತ್ಯವಿದ್ದಷ್ಟು ಮಾತು ಮಾತ್ರ ಆಡುತ್ತಿದ್ದಳು: ಅಪ್ಪ ಊಟ, ಅಪ್ಪ ನೀರು, ಅಪ್ಪ ಹೋಗಿ ಬರ್ತೀನಿ. ಕೆಲಸದಲ್ಲಿ ಕಂಬಿ ಕಟ್ಟುವವನು ಆಗಾಗ ಕೇಳುತ್ತಿದ್ದ, "ಎಂಗವ್ನೆ ನಿನ್ ಮಗ?" ಅಂತ. ನಾನು, "ಬಾವೀಲಿ ಗುಂಡ್‌ಗುಂಡಾಗವ್ನೆ ಕಣ್ಲಾ," ಅನ್ನುತ್ತಿದ್ದೆ. ಅಷ್ಟು ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಅವನ ಕಡೆ ತಿರುಗುತ್ತಿರಲಿಲ್ಲ.

ಒಂದೂವರೆ ತಿಂಗಳಾಗಿರಬಹುದು. ಒಂದು ಭಾನುವಾರ ಬೆಳಗ್ಗೆ ಅವನೇ ಮನೆಗೆ ಬಂದ. ಬೈಕಿನಿಂದ ಇಳಿಯುತ್ತಲೇ ಕೈಯಲ್ಲಿದ್ದ ಚೀಲ ಎತ್ತಿ ತೋರಿಸಿದ.

"ಅದೇ ಜಾಗದಲ್ಲಿ ಸಿಕ್ತು ಕಣ್ಲಾ. ಗೇಟು ಕೂರ್ಸಾಕೆ ಓಗಿದ್ದೆ. ನಿಂದ್ರ ಹೆಂಡ್ತಿ ಇರ್ಬೇಕು ಇದು. ನಮ್ಮನೇಲೂ ಹಿತ್ಲಲ್ಲಿ ಬಾವಿ ಐತಲ್ಲ, ಬುಟ್ಬುಡಾನ ಅಂತ. ಅವ್ವ, ನಿಮ್ ಕೈಯಿಂದ್ಲೇ ಅರಿಶಿನ ಹಚ್ಚಿಸ್ಕಂಡೋಗಾನ ಅಂತ ಇಲ್ಲೀಗಂಟ ಬಂದೆ."

"ಒಳ್ಳೇ ಕೆಲ್ಸ ಮಾಡ್ದೆ ಕಣಪ್ಪ," ಅಂತ ಅವ್ವ ಒಳಗೆ ಹೋಗಿ ಅರಿಶಿನದ ಬಟ್ಟಲು ತಂದಿತು. ಅವನು ಆಮೆಯನ್ನು ಜಗುಲಿಯ ಮೇಲಿಟ್ಟ. ನನ್ನದಕ್ಕಿಂತ ಚಿಕ್ಕದು. ಗೆರೆಗಳು ಅಷ್ಟೇ ಸರಿಯಾಗಿದ್ದವು. ಮಗಳು ಬಾಗಿಲಿಗೆ ಬಂದಳು. ಅವಳು ಈ ಸಲ ಏನೂ ಹೇಳುವುದಿಲ್ಲ ಅಂತ ನನಗೆ ಗೊತ್ತಿತ್ತು. ಹೇಳದ ಹಾಗೆ ಮಾಡಿದವನು ನಾನೇ. ಅವ್ವ ಬಟ್ಟಲಿನಲ್ಲಿ ಬೆರಳು ಅದ್ದಿತು.

"ತಡಿ ಅವ್ವ."

"ಯಾಕ್ಲಾ?"

ಆಮೆಗೆ ಕೈ ಅಡ್ಡ ಹಿಡಿದೆ. "ನಮ್ದು ವಯಸ್ಸಾಗಿ ಸತ್ತಿದ್ದಲ್ಲ. ಮುಳುಗಿ ಸತ್ತಿದ್ದು. ಇದು ನೆಲದ್ದು, ನೀರಲ್ಲಿರಾಕೆ ಆಗಾಕಿಲ್ಲ ಇದಕ್ಕೆ. ಮಗಳು ಮೊದ್ಲೇ ಏಳಿದ್ಲು. ನಾನು ಕೇಳ್ನಿಲ್ಲ."

ಕಂಬಿ ಕಟ್ಟುವವನು ನನ್ನನ್ನೇ ನೋಡಿದ. "ಸತ್ತೋಯ್ತಾ? ಮೊನ್ನೆಗಂಟ ಗುಂಡ್‌ಗುಂಡಾಗವ್ನೆ ಅಂತಿದ್ದಲ್ಲೋ!"

"ಸುಳ್ಳೇಳ್ದೆ."

"ನನ್ನತ್ರಾನೂವಾ?"

"ನಿನ್ನತ್ರಾನೂ."

ಅವನು ಏನಾದರೂ ಗೇಲಿ ಮಾಡುತ್ತಾನೆ ಅಂದುಕೊಂಡಿದ್ದೆ. ಮಾಡಲಿಲ್ಲ. ಜಗುಲಿಯ ತುದಿಗೆ ಕೂತು, ಆಮೆಯನ್ನು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡ.

ಅವ್ವನ ಬೆರಳು ಬಟ್ಟಲಿನಲ್ಲೇ ಇತ್ತು. "ಅಂಗಾದ್ರೆ ನಾನು ಏಳಿದ್ದಕ್ಕೇ ಸತ್ತೋಯ್ತಾ ಅದು?"

"ನೀನು ತಿಳಿದಿದ್ದು ಏಳ್ದೆ ಅವ್ವ. ನೀರು ಕಂಡ್ರೆ ಅದು ಹಿಂದಕ್ಕೋಗೋದ ನೋಡಿದ್ದೋನು ನಾನು. ಹಗ್ಗ ಬುಟ್ಟೋನೂ ನಾನು."

ಆಮೇಲೆ ಕಂಬಿ ಕಟ್ಟುವವನು ಕೇಳಿದ: "ಇದ್ನ ಈಗ ಏನ್ಲಾ ಮಾಡ್ಲಿ?"

"ನಂಗೊತ್ತಿಲ್ಲ," ಅಂದೆ. "ಅವ್ಳ ಕೇಳು."

ಮಗಳು ಬಾಗಿಲಿನಲ್ಲೇ ಇನ್ನೂ ಒಂದು ಗಳಿಗೆ ನಿಂತಿದ್ದಳು. ನಂತರ ಬಂದು ಕೆಳಗೆ ಕೂತಳು. ಇದನ್ನು ಇಟ್ಟುಕೊಳ್ಳಬಾರದು, ಸುಮ್ಮನೆ ಎಲ್ಲೋ ಬಿಡಲೂಬಾರದು, ಇಲಾಖೆಯವರಿಗೆ ಸಿಕ್ಕಿದ ಜಾಗ ಹೇಳಿ ಒಪ್ಪಿಸಬೇಕು, ತಾನೇ ಫೋನು ಮಾಡುತ್ತೇನೆ ಅಂತ ಅವನಿಗೆ ಬಿಡಿಸಿ ಹೇಳಿದಳು. ನಾನು ಪಕ್ಕದಲ್ಲಿ ನಿಂತು ಕೊನೆಯವರೆಗೆ ಕೇಳಿಸಿಕೊಂಡೆ. ಅವ್ವ ಬಟ್ಟಲು ಕೆಳಗಿಟ್ಟು, ಗೋಡೆಗೆ ಒರಗಿ ಕೂತು, ತನ್ನಷ್ಟಕ್ಕೆ ಅಂದಿತು.

"ನಮ್ಮಪ್ಪನ ಮನೇದು ಎಷ್ಟು ವರ್ಷ ಇತ್ತು ಬಾವೀಲಿ. ನಾನು ಸುಳ್ಳೇಳ್ತಿಲ್ಲ."

"ಸುಳ್ಳಲ್ಲ ಅಜ್ಜಿ. ಅದು ಬೇರೆ ಥರದ್ದು. ಅದರ ಕಾಲು ಹೆಂಗಿತ್ತು, ನೆನಪದಾ?"

ಅವ್ವ ಬಹಳ ಹೊತ್ತು ಯೋಚಿಸಿತು. "ಬಾತುಕೋಳಿ ಕಾಲಿದ್ದಂಗೆ. ಬೆರಳ ಮಧ್ಯೆ ತೊಗಲಿತ್ತು."

"ಇದರದ್ದು ನೋಡಿ."

ಆಮೆ ಅಷ್ಟು ಹೊತ್ತಿಗೆ ಒಂದು ಮುಂಗಾಲನ್ನು ಹೊರಗಿಟ್ಟಿತ್ತು. ಮೂರು ವಾರ ಅದರ ಜಾತಿಯದನ್ನೇ ಹಿತ್ತಿಲಲ್ಲಿಟ್ಟುಕೊಂಡರೂ ಅದರ ಕಾಲು ಹೇಗಿದೆ ಅಂತ ಒಮ್ಮೆಯೂ ನೋಡಿರದ ಅವ್ವ, ಮುಂದಕ್ಕೆ ಬಗ್ಗಿ, ಅರಿಶಿನ ಹತ್ತಿದ ಬೆರಳಿನಿಂದಲೇ ಆ ಪಾದವನ್ನು ಮುಟ್ಟಿ ನೋಡಿತು.

"ಇದು ಆನೆ ಕಾಲು ಕಣವ್ವ," ಅಂದಿತು. "ಇದು ನಡೆಯೋ ಕಾಲು."